ಚಿಕ್ಕಪ್ಪನೇ ಹೇಳಿದ ಕಾರಣ

“ಅಪೀಲು ತಡವಾಗಿ ಹಾಕಿದ್ದೀರಿ. ಯಾಕೆ?”

ಅರಸೀಕೆರೆ ಕೋರ್ಟಿನಲ್ಲಿ ಜಡ್ಜ್ ನನ್ನನ್ನು ಕೇಳಿದರು. ಕಣಕಟ್ಟೆಯ ನಮ್ಮ ತೆಂಗಿನ ತೋಟದ ದಾರಿಗೆ ಚಿಕ್ಕಪ್ಪ ಬೇಲಿ ಹಾಕಿದ್ದರು. ವಕೀಲರಿಲ್ಲದೆ ನಾನೇ ಹಾಕಿದ್ದ ಎರಡೂ ದಾವೆ ವಜಾ ಆಗಿದ್ದವು. ಎರಡನೆಯದರ ಮೇಲಿನ ಈ ಅಪೀಲೂ ಹೋದರೆ ತೋಟಕ್ಕೆ ಕಾಲಿಡಲು ದಾರಿಯೇ ಇಲ್ಲ.

ಅಪೀಲಿನ ಗಡುವು ಮುಗಿಯುವ ವಾರದಲ್ಲೇ ಚಿಕ್ಕಮ್ಮ ತೀರಿಕೊಂಡಿದ್ದರು. ಅವರಿಗೆ ಮಕ್ಕಳಿಲ್ಲ. ಮಗನ ಸ್ಥಾನದಲ್ಲಿ ನಿಂತು ಕೊಳ್ಳಿ ಇಟ್ಟವನು ನಾನು. ತಿಥಿ ಮುಗಿಯುವವರೆಗೆ ಊರು ಬಿಡುವಂತಿರಲಿಲ್ಲ. ಆ ಸಾವನ್ನೇ ನೆಪ ಮಾಡಿಕೊಂಡಂತೆ ಚಿಕ್ಕಪ್ಪನ ಎದುರೇ ಹೇಳಲು ನನಗೆ ನಾಲಿಗೆ ಏಳಲಿಲ್ಲ.

“ಕಾರಣವೇ ಇಲ್ಲ ಸರ್, ವಜಾ ಮಾಡಿ” ಎಂದರು ಚಿಕ್ಕಪ್ಪನ ವಕೀಲರು.

ಹಿಂದಿನ ಬೆಂಚಿನಿಂದ ಚಿಕ್ಕಪ್ಪ ಎದ್ದು ನಿಂತರು. “ಸುಮ್ಕಿರಿ ಲಾಯರ್ರೇ. ನನ್ನ ಹೆಂಡ್ರಿಗೆ ಕೊಳ್ಳಿ ಇಟ್ಟವ್ನು ಇವ್ನೇ ಸ್ವಾಮಿ. ಸೂತಕದಾಗೆ ಕೋರ್ಟಿಗೆ ಹೆಂಗ್ ಬತ್ತಾನೆ?”

ಜಡ್ಜ್ ತಡವನ್ನು ಮನ್ನಿಸಿದರು. ಹೊರಗೆ ಬಂದು ನಾನು ಕೈ ಮುಗಿದೆ.

“ಏನ್ಲಾ, ಕೈ ಮುಗುದ್ರೆ ಬೇಲಿ ಕೀಳ್ತೀನಿ ಅಂದ್ಕಂಡ್ಯಾ? ಕೀಳಾಕಿಲ್ಲ ಕಣ್ಲಾ” ಎಂದು ಅವರು ಬಸ್‌ಸ್ಟ್ಯಾಂಡ್ ಕಡೆ ನಡೆದರು.

ಅಪೀಲು ಇನ್ನೂ ನಡೆಯುತ್ತಿದೆ. ದಾರಿ ನನಗೆ ಬೇಕೇ ಬೇಕು. ಆದರೆ ಈಗ ವಾಯಿದೆಯ ದಿನ ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕೂರುತ್ತೇನೆ.