ಡೇರಿ ಜಗಲಿಯಲ್ಲಿ ದಿನಕ್ಕೆ ಎರಡು ಪುಟ

ಬೆಳಗಿನ ಐದೂಮುಕ್ಕಾಲು. ಹಾಲಿನ ಡೇರಿಯ ಶಟರ್ ಅರ್ಧ ಎತ್ತಿದೆ. ಟ್ಯೂಬ್‌ಲೈಟಿನ ಕೆಳಗೆ ನಿಂತ ಹೆಂಗಸು ಒಂದೊಂದೇ ಕ್ಯಾನಿನ ಮುಚ್ಚಳ ತೆಗೆದು ಮೂಸುತ್ತಾರೆ, ಸೌಟಿನಿಂದ ಕಲಕುತ್ತಾರೆ, ಗಾಜಿನ ಅಳತೆಕಡ್ಡಿ ಇಳಿಬಿಟ್ಟು ಬಗ್ಗಿ ನೋಡುತ್ತಾರೆ. "ಇಪ್ಪತ್ತೆಂಟು, ಹಾಕಿ." "ಇಪ್ಪತ್ತೊಂಬತ್ತು, ಹಾಕಿ." ಮುಂದಿನ ಕ್ಯಾನಿಗೆ ಬಂದಾಗ ಕೈ ನಿಲ್ಲುತ್ತದೆ. "ಇಪ್ಪತ್ಮೂರು. ದೊಡ್ಡಪ್ಪ, ನಿಮ್ಮ ಹಸು ಇವತ್ತು ನೀರು ಸ್ವಲ್ಪ ಜಾಸ್ತಿನೇ ಕುಡಿದಿದೆ. ವಾಪಸ್ ತಗೊಂಡು ಹೋಗಿ." ಸಾಲು ಗೊಳ್ಳೆಂದು ನಗುತ್ತದೆ. ದೊಡ್ಡಪ್ಪ ಪೆಚ್ಚುಮೋರೆ ಹಾಕಿಕೊಂಡು ಕ್ಯಾನು ಪಕ್ಕಕ್ಕಿಡುತ್ತಾರೆ, ಮನೆಗೆ ಮಾತ್ರ ಹೋಗುವುದಿಲ್ಲ.

ಯಾರೂ ಹೋಗುವುದಿಲ್ಲ. ಆರೂಮುಕ್ಕಾಲಿಗೆ ಹಾಲಿನ ಕೆಲಸ ಮುಗಿದರೆ ಜನ ಜಗಲಿಯ ಮೇಲೆ, ಬೋರಲು ಹಾಕಿದ ಕ್ಯಾನುಗಳ ಮೇಲೆ ಕೂರುತ್ತಾರೆ. ಆಕೆ ಕೈ ತೊಳೆದು, ಕನ್ನಡಕ ಏರಿಸಿ, ಕಪಾಟಿನಿಂದ ದಪ್ಪನೆಯ ಪುಸ್ತಕ ತೆಗೆಯುತ್ತಾರೆ. ಊರಿನ ಪಕ್ಕದಲ್ಲೇ ಬರಲಿದೆ ಎನ್ನುತ್ತಿರುವ ಸೋಲಾರ್ ಪಾರ್ಕಿನ ಯೋಜನಾ ವರದಿ ಅದು. ದಿನಕ್ಕೆ ಎರಡು ಪುಟ ಗಟ್ಟಿಯಾಗಿ ಓದಿ, ಅರ್ಥ ಬಿಡಿಸಿ ಹೇಳುವುದು ಆಕೆ ತಾವೇ ಮೈಮೇಲೆ ಎಳೆದುಕೊಂಡ ಕೆಲಸ. ಸಂಬಳವಿಲ್ಲ, ಹೇಳಿದವರೂ ಇಲ್ಲ.

"ಕಂಪನಿಯವರು ಪಂಚಾಯ್ತಿ ಕಚೇರಿಯಲ್ಲಿ ಒಂದು ಪ್ರತಿ ಇಟ್ಟು, ಯಾರು ಬೇಕಾದ್ರೂ ನೋಡಬಹುದು ಅಂದ್ರು. ನೋಡೋರು ಯಾರು? ಕಚೇರಿ ಬಾಗಿಲು ತೆಗೆಯೋ ಹೊತ್ತಿಗೆ ಎಲ್ಲರೂ ಹೊಲದಲ್ಲಿರ್ತಾರೆ. ಅದಕ್ಕೇ ಪೂರ್ತಿ ಜೆರಾಕ್ಸ್ ಮಾಡಿಸಿ ಇಲ್ಲಿಗೆ ತಂದೆ. ಬೆಳಗ್ಗೆ ಆದ್ರೆ ನನ್ನ ಮುಂದೆ ಸಾಲಾಗಿ ನಿಂತಿರ್ತಾರೆ, ತಪ್ಪಿಸಿಕೊಳ್ಳೋ ಹಾಗಿಲ್ಲ" ಎಂದು ನಗುತ್ತಾರೆ ಡೇರಿ ಅಕ್ಕ. ಊರಿಗೆ ಊರೇ ಕರೆಯುವುದು ಹಾಗೇ.

ವಯಸ್ಸು ನಲವತ್ತೇಳು, ಓದಿದ್ದು ಹತ್ತನೇ ಕ್ಲಾಸು. ಗಂಡ ಟ್ರ್ಯಾಕ್ಟರಿನಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ಡೇರಿಗೆ ಸೇರಿದರು; ಹತ್ತೊಂಬತ್ತು ವರ್ಷವಾಯಿತು. ಅರವತ್ತಮೂರು ಮನೆಗಳ ಹಾಲು, ಬೆಳಗ್ಗೆ ನಾನೂರು ಲೀಟರ್, ಸಂಜೆ ಮುನ್ನೂರು. ಸೇರಿದ ಮೊದಲ ವಾರವೇ ಸ್ವಂತ ಅತ್ತೆಯ ಹಾಲನ್ನು ವಾಪಸ್ ಕಳಿಸಿದ ಗಟ್ಟಿಗಿತ್ತಿ. "ಹನ್ನೊಂದು ದಿನ ಮಾತು ಬಿಟ್ಟಿದ್ರು. ಹನ್ನೆರಡನೇ ದಿನ ಅವರೇ ಊಟಕ್ಕೆ ಕರೆದ್ರು. ಅವತ್ತಿಂದ ಹಾಲೂ ಗಟ್ಟಿ, ಸಂಬಂಧನೂ ಗಟ್ಟಿ."

ಸೋಲಾರ್ ಎಂದರೆ ಆಕೆಗೆ ಕೋಪವೇನೂ ಇಲ್ಲ. ಕರೆಂಟು ಕೈಕೊಟ್ಟು ತಂಪಿನ ಟ್ಯಾಂಕಿನಲ್ಲಿದ್ದ ಹಾಲು ಕೆಟ್ಟದ್ದನ್ನು ಎಷ್ಟೋ ಸಲ ನೋಡಿದ್ದಾರೆ. "ಬರಲಿ, ಒಳ್ಳೇದೇ. ಆದ್ರೆ ಇಲ್ಲಿ ಹುಟ್ಟೋ ಕರೆಂಟು ಇಲ್ಲಿಗೂ ಬರತ್ತೆ ಅಂತ ಎಲ್ಲಾದ್ರೂ ಬರೆದಿದ್ದಾರಾ ಅಂತ ಹುಡುಕ್ತಾನೇ ಇದ್ದೀನಿ" ಎನ್ನುತ್ತಾರೆ.

ಓದಿನಲ್ಲಿ ಆಕೆ ಎಡವಿದ್ದು ಮೊದಲ ದಿನವೇ. ವರದಿಯ ಮೊದಲ ಪುಟದಲ್ಲಿ ಇದ್ದದ್ದು ಮುನ್ನೂರು ಹೆಕ್ಟೇರ್. ಹೊಲವನ್ನು ಹುಟ್ಟಿದಾಗಿನಿಂದ ಎಕರೆಯಲ್ಲೇ ಎಣಿಸಿದ ಬಾಯಿ, ಮುನ್ನೂರು ಎಕರೆ ಎಂದುಬಿಟ್ಟಿತು. ಜಗಲಿಯೂ ಎಕರೆಯಲ್ಲೇ ಲೆಕ್ಕ ಹಾಕುವುದು, ಯಾರಿಗೂ ಅನುಮಾನ ಬರಲಿಲ್ಲ. ಅಷ್ಟೇ ತಾನೇ, ಗುಡ್ಡದ ಆಚೆಯ ಕಲ್ಲುಭೂಮಿಗೇ ಮುಗಿಯುತ್ತದೆ, ದನ ಮೇಯುವ ಹುಲ್ಲುಗಾವಲಿಗೆ ತೊಂದರೆಯಿಲ್ಲ ಎಂದು ಎಲ್ಲರೂ ನಿರಾಳವಾದರು. ವಾರದೊಳಗೆ ಅರವತ್ತಮೂರು ಮನೆಯವರೂ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದರು. ಯೋಜನೆಯ ಬಗ್ಗೆ ಊರವರ ಮಾತು ಕೇಳಲು ಕರೆದಿದ್ದ ಅಹವಾಲು ಸಭೆಯ ದಿನ ಅದನ್ನು ಕಂಪನಿಗೆ ಕೊಡುವುದೆಂದು ಮಾತಾಯಿತು.

ಸಭೆಗೆ ಐದು ದಿನ ಇರುವಾಗ, ಒಂದು ಮಧ್ಯಾಹ್ನ, ಮರುದಿನದ ಪಾಠ ನೋಡಿಕೊಳ್ಳಲು ನೂರ ಹನ್ನೆರಡನೇ ಪುಟ ತೆಗೆದರು. ಯೋಜನೆಗೆ ಬೇಕಾದ ಜಮೀನಿನ ನಂಬರುಗಳ ಪಟ್ಟಿ. ಅದರ ನಡುವೆ ಹುಲ್ಲುಗಾವಲಿನ ನಂಬರೂ ಇತ್ತು. ಮೊದಲ ಪುಟಕ್ಕೆ ತಿರುವಿ ನೋಡಿದರೆ ಹೆಕ್ಟೇರ್. ಕ್ಯಾಲ್ಕುಲೇಟರ್ ಒತ್ತಿದರೆ ಏಳುನೂರ ನಲವತ್ತೊಂದು ಎಕರೆ.

"ನಮ್ಮ ಯಜಮಾನ್ರು, ಕಂಪನಿಯವರೇ ಆಮೇಲೆ ಬದಲಾಯಿಸಿದ್ರು ಅಂತ ಹೇಳಿಬಿಡು, ಯಾರಿಗೆ ಗೊತ್ತಾಗತ್ತೆ ಅಂದ್ರು. ಆಸೆ ಆಗ್ಲಿಲ್ಲ ಅಂದ್ರೆ ಸುಳ್ಳಾಗತ್ತೆ. ಆದ್ರೆ ದಿನಾ ಬೆಳಗ್ಗೆ ಊರವರ ಸುಳ್ಳು ಹಿಡಿಯೋಳು ನಾನು."

ಮರುದಿನ ಒಂದು ಮುಚ್ಚಳವನ್ನೂ ತೆಗೆಯದೆ, ತಪ್ಪು ಓದಿದ್ದು ನಾನೇ, ಹುಲ್ಲುಗಾವಲು ಬೇಲಿಯೊಳಗೆ ಹೋಗುತ್ತದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದರು. ಮೊದಲು ಬಾಯಿ ತೆರೆದದ್ದು ದೊಡ್ಡಪ್ಪನೇ: "ನಿನ್ನ ಮಾತು ನಂಬಿ ಸಹಿ ಹಾಕಿದ್ವಲ್ಲಮ್ಮ. ಇನ್ನು ನಿನ್ನ ಅಳತೆಕಡ್ಡಿ ಹೇಗೆ ನಂಬೋದು?"

ಸಾಲಿನ ಹಿಂದಿನಿಂದ ಅತ್ತೆ ಸರಸರನೆ ಮುಂದೆ ಬಂದು ಮೇಜಿನ ಮೇಲೆ ತಮ್ಮ ಕ್ಯಾನು ಇಟ್ಟರು. "ಅಳೆ. ಹೊತ್ತಾಯ್ತು" ಎಂದರು. ಅಳೆಯುವಾಗ ಕಣ್ಣು ಮಂಜಾಗಿ ಅಂಕಿ ಕಾಣಲೇ ಇಲ್ಲ, ಎರಡು ಸಲ ನೋಡಬೇಕಾಯಿತು ಎಂದು ಡೇರಿ ಅಕ್ಕ ಈಗಲೂ ಹೇಳುತ್ತಾರೆ. ಅತ್ತೆಯ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಮುಚ್ಚಳ ತೆಗೆದರು.

ಒಪ್ಪಿಗೆಪತ್ರವನ್ನು ಅವತ್ತೇ ಹರಿದು ಹಾಕಿದರು. ಸಭೆಯಲ್ಲಿ ಆಕೆ ಎದ್ದು ನಿಂತು ನೂರ ಹನ್ನೆರಡನೇ ಪುಟ ಓದಿದರು. ನಾನೂರು ದನ ಎಲ್ಲಿ ಮೇಯಬೇಕು ಎಂದು ಕೇಳಿದರೆ ಕಂಪನಿಯ ಎಂಜಿನಿಯರ್ ಪುಟದ ನಂಬರು ಬರೆದುಕೊಂಡು, ವರದಿ ತಿದ್ದಿ ತರುತ್ತೇವೆ ಎಂದರು. ಎರಡು ತಿಂಗಳಲ್ಲಿ ಹೊಸ ವರದಿ ಬಂತು. ಹುಲ್ಲುಗಾವಲು ಬೇಲಿಯ ಹೊರಗಿದೆ, ಹೆಕ್ಟೇರಿನ ಪಕ್ಕದಲ್ಲಿ ಎಕರೆಯೂ ಅಚ್ಚಾಗಿದೆ. ಊರಿನ ತೀರ್ಮಾನಕ್ಕೆ ಮುಂದಿನ ತಿಂಗಳು ಮತ್ತೆ ಸಭೆ ಸೇರಲಿದೆ.

ಡೇರಿ ಅಕ್ಕ ಈ ಹೊಸ ವರದಿಯನ್ನು ಮತ್ತೆ ಮೊದಲ ಪುಟದಿಂದ ಓದುತ್ತಿದ್ದಾರೆ. ಈ ಸಲ ಪಕ್ಕದಲ್ಲಿ ದೊಡ್ಡಪ್ಪನನ್ನು ಕೂರಿಸಿಕೊಂಡಿದ್ದಾರೆ, ಅದೂ ಒತ್ತಾಯ ಮಾಡಿ. ಅವರು ಸಾಲಿನ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಾರೆ, ಅಂಕಿ ಬಂದಾಗಲೆಲ್ಲ "ನಿಲ್ಲು" ಎಂದು ತಡೆಯುತ್ತಾರೆ. ಹಾಲು ವಾಪಸಾದ ದಿನ ತುಸು ಜಾಸ್ತಿಯೇ ತಡೆಯುತ್ತಾರಂತೆ.

ಎಂಟು ಗಂಟೆಗೆ ಜನ ಏಳುತ್ತಾರೆ. ಸಭೆಯಲ್ಲಿ ನೀವು ಯಾವ ಕಡೆ ಕೈ ಎತ್ತುತ್ತೀರಿ ಎಂದು ಕೇಳಿದರೆ, ಡೇರಿ ಅಕ್ಕ ಓದಿದ ಜಾಗಕ್ಕೆ ದಾರ ಇಟ್ಟು ಪುಸ್ತಕ ಮುಚ್ಚುತ್ತಾರೆ.

"ಇನ್ನೂ ಇಪ್ಪತ್ತಾರು ಪುಟ ಇದೆ. ಮುಗಿಸಿ ಹೇಳ್ತೀನಿ."