ಎರಡು ಕ್ಯಾಮೆರಾ, ಒಂದು ಜೊತೆ ಕಣ್ಣು

ನನ್ನ ಕ್ಯಾಮೆರಾ ಕೈಕೊಟ್ಟದ್ದು ಕೆ.ಆರ್. ಪೇಟೆಯ ಒಂದು ನಾಮಕರಣದಲ್ಲಿ. ಮಗುವಿನ ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆ ಬಗ್ಗಿದಳು, ನಾನು ಬಟನ್ ಒತ್ತಿದೆ, ಒಳಗೆ ಏನೋ ಕಟಕ್ಕೆಂದು ಮುರಿದ ಸದ್ದಾಯಿತು. ಅಷ್ಟೇ, ಮತ್ತೆ ಅದು ಜೀವ ಹಿಡಿಯಲಿಲ್ಲ. ಮಿಕ್ಕ ಫೋಟೋಗಳನ್ನು ನೆಂಟರೊಬ್ಬರ ಮೊಬೈಲಿನಲ್ಲಿ ತೆಗೆದುಕೊಟ್ಟು, ಊಟಕ್ಕೂ ಕೂರದೆ ಪಾಂಡವಪುರದ ಬಸ್ಸು ಹತ್ತಿದೆ. ರಿಪೇರಿಯವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದರ ಆಯಸ್ಸು ಮುಗಿದಿದೆ ಎಂದ.

ಮುಂದಿನ ತಿಂಗಳಿಂದ ಮದುವೆಗಳು. ಕ್ಯಾಮೆರಾ ಇಲ್ಲದೆ ಸ್ಟುಡಿಯೋ ಬಾಗಿಲು ತೆಗೆದು ಕೂತರೆ ನೊಣ ಹೊಡೆಯಬೇಕು. ನನ್ನ ಮುಂದೆ ಎರಡು ದಾರಿ ಇದ್ದವು. ನಾಗಮಂಗಲದಲ್ಲಿ ನನಗಿಂತ ಹಿರಿಯರಾದ ಫೋಟೋಗ್ರಾಫರ್ ಒಬ್ಬರಿದ್ದಾರೆ. ಆದಿಚುಂಚನಗಿರಿಯ ಕಾಲೇಜುಗಳ ಸಮಾರಂಭಗಳಿಗೆ ಒಂದು ಕಾಲದಲ್ಲಿ ಅವರೇ ಬೇಕಿತ್ತು. ಕೈ ನಡುಗಲು ಶುರುವಾದ ಮೇಲೆ ಕೆಲಸ ಬಿಟ್ಟು, ತಮ್ಮ ಕ್ಯಾಮೆರಾವನ್ನು ಗೊತ್ತಿದ್ದವರಿಗೇ ಕೊಡಬೇಕೆಂದು ಕಾಯುತ್ತಿದ್ದರು. ಹಳೆಯ ಮಾಡೆಲ್ಲು, ಹಿಡಿ ಸವೆದು ನುಣ್ಣಗಾಗಿತ್ತು, ಆದರೆ ನನ್ನ ಲೆನ್ಸುಗಳೆಲ್ಲ ಅದಕ್ಕೆ ಹೊಂದುತ್ತಿದ್ದವು. ಇನ್ನೊಂದು ದಾರಿ ಶ್ರೀರಂಗಪಟ್ಟಣದ ನನ್ನ ಗೆಳೆಯನದು. ಮದುವೆಯಾಗಲಿರುವ ಜೋಡಿಗಳನ್ನು ಹೊಳೆ ದಂಡೆಯಲ್ಲಿ ಓಡಿಸಿ, ಕುಣಿಸಿ, ಫೋಟೋ ತೆಗೆದು ಚೆನ್ನಾಗಿ ಬದುಕುತ್ತಿದ್ದಾನೆ. ಹೊಸ ಮಾಡೆಲ್ ಕೊಡಿಸುತ್ತೇನೆ, ಮೊದಲು ನನ್ನದನ್ನು ಎಂಟು ದಿನ ಇಟ್ಟುಕೊಂಡು ನೋಡು ಎಂದ. ನಾಗಮಂಗಲದವರೂ ಎಂಟು ದಿನ ಇಟ್ಟುಕೋ ಎಂದರು. ಹೀಗೆ ಎರಡೂ ನನ್ನ ಮೇಜಿನ ಮೇಲೆ ಸವತಿಯರ ಹಾಗೆ ಅಕ್ಕಪಕ್ಕ ಕೂತವು.

ನನ್ನ ಹೆಂಡತಿಗೆ ಯೋಚನೆ ಮಾಡುವಂಥದ್ದೇನೂ ಕಾಣಲಿಲ್ಲ. ಈಗಿನ ಮದುವೆ ಮನೆಯವರು ಫೋಟೋಗ್ರಾಫರ್ ಯಾರು ಎಂದು ಕೇಳುವ ಮೊದಲು ಕ್ಯಾಮೆರಾ ಯಾವುದು ಎಂದು ಕೇಳುತ್ತಾರೆ, ಹಳೇದನ್ನು ತಂದರೆ ಮುಂದಿನ ವರ್ಷ ನೀವೂ ಅದೂ ಒಟ್ಟಿಗೆ ಮನೆಯಲ್ಲಿರಿ ಎಂದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ನನಗೆ ರೇಗಿತು.

ನನ್ನ ನಿಜವಾದ ಹೆಸರು ಇರುವುದು ಮದುವೆಯಲ್ಲಲ್ಲ, ಸಾವಿನ ಮನೆಯಲ್ಲಿ. ನಮ್ಮ ಕಡೆ ಮನೆಯ ಹಿರಿಯರು ತೀರಿಕೊಂಡರೆ ಕುರ್ಚಿಯ ಮೇಲೆ ಕೂರಿಸಿ, ಪೇಟ ಸುತ್ತಿ, ಹಾರ ಹಾಕಿ, ಸುತ್ತ ಮನೆಯವರೆಲ್ಲ ನಿಂತು ಒಂದು ಫೋಟೋ ತೆಗೆಸುತ್ತಾರೆ. ಎಷ್ಟೋ ಜನರಿಗೆ ಜೀವಮಾನದಲ್ಲಿ ಅದೊಂದೇ ಸರಿಯಾದ ಫೋಟೋ. ಆದರೆ ತಿಥಿಗೆ ಫ್ರೇಮು ಹಾಕಿಸುವಾಗ ಕಣ್ಣು ಮುಚ್ಚಿದ ಮುಖ ಯಾರಿಗೂ ಬೇಡ. ಆ ಕಣ್ಣು ತೆರೆಸುವ ಕೆಲಸ ನನ್ನದು. ಮೊದಲು ಬ್ರಷ್ಷಿನಲ್ಲಿ ಮಾಡುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ. ಗುಟ್ಟು ಇಷ್ಟೇ: ಸತ್ತವರನ್ನು ಹೆಚ್ಚು ಹೋಲುವ ಮಗನನ್ನೋ ಮಗಳನ್ನೋ ಒಂದು ಕಡೆ ನಿಲ್ಲಿಸಿ, ರೆಪ್ಪೆ ಬಡಿಯದೆ ಇಲ್ಲಿ ನೋಡಿ ಎಂದು ಒಂದು ಫೋಟೋ ತೆಗೆದುಕೊಳ್ಳುತ್ತೇನೆ. ಆ ಕಣ್ಣನ್ನು ತಂದು ಈ ಮುಖದಲ್ಲಿ ಕೂರಿಸಿ, ಸುತ್ತ ಒಂದಿಷ್ಟು ಸುಕ್ಕು ಸೇರಿಸಿದರೆ ಮುಗಿಯಿತು. ನೋಡಿದವರು ಕಣ್ಣೀರು ಹಾಕುತ್ತಾರೆ, ಅಪ್ಪ ಎದ್ದು ಬಂದ ಹಾಗಿದೆ ಎನ್ನುತ್ತಾರೆ. ಅದು ಯಾರ ಕಣ್ಣು ಎಂದು ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಇದೊಂದು ತರಹ ನಮ್ಮ ಮನೆತನದ ಕಸುಬೇ. ನಮ್ಮದು ಅಕ್ಕಸಾಲಿಗರ ಮನೆ. ಊರ ದೇವತೆಯ ಕಲ್ಲಿಗೆ ಅಂಟಿಸುವ ಬೆಳ್ಳಿ ಕಣ್ಣುಗಳನ್ನು ನಮ್ಮಪ್ಪ ಮಾಡಿಕೊಡುತ್ತಿದ್ದರು. ಅಂಟಿಸುವಾಗ ಮಾತ್ರ ಎದುರಿಗೆ ನಿಲ್ಲುತ್ತಿರಲಿಲ್ಲ, ಪಕ್ಕದಿಂದ ಕೈ ಚಾಚಿ ಅಂಟಿಸುತ್ತಿದ್ದರು. ಆ ಮೊದಲ ನೋಟ ಮನುಷ್ಯನ ಮೇಲೆ ಬೀಳಬಾರದು ಎಂಬುದು ಅವರ ನಂಬಿಕೆ. ನಾನು ನೂರಾರು ಕಣ್ಣುಗಳನ್ನು ಕಂಪ್ಯೂಟರಿನ ಎದುರಿಗೇ ಕೂತು ತೆರೆಸಿದ್ದೇನೆ. ಅಂಥದ್ದನ್ನೆಲ್ಲ ನಂಬುವ ಪೈಕಿ ನಾನಲ್ಲ ಎಂದುಕೊಂಡಿದ್ದೆ.

ಹೊಸ ಕ್ಯಾಮೆರಾದ ದೊಡ್ಡ ವಿದ್ಯೆ ಎಂದರೆ ಕಣ್ಣು ಹುಡುಕುವುದು. ಯಾರ ಕಡೆ ತಿರುಗಿಸಿದರೂ ಪರದೆಯ ಮೇಲೆ ಪುಟ್ಟ ಹಸಿರು ಚೌಕವೊಂದು ಮೂಡಿ ಅವರ ಕಣ್ಣಿನ ಮೇಲೆ ಕೂರುತ್ತದೆ, ಅವರು ಓಡಿದರೆ ಅದೂ ಓಡುತ್ತದೆ. ಮೊದಲ ದಿನ ನಾನು ಮಗುವಿನ ಹಾಗೆ ಆಡಿದೆ. ಹೆಂಡತಿಯ ಕಣ್ಣು ಹಿಡಿಯಿತು. ಕಣ್ಣು ಮುಚ್ಚಿಕೋ ಎಂದೆ, ಬೈದುಕೊಂಡೇ ಮುಚ್ಚಿದಳು, ಆಗಲೂ ಮುಖದ ಮೇಲೆ ಚೌಕ ಅಲ್ಲಾಡದೆ ನಿಂತಿತು. ಎದುರು ಮನೆಯ ಹಸುವನ್ನು ಹಿಡಿಯಿತು, ಕ್ಯಾಲೆಂಡರಿನ ಲಕ್ಷ್ಮಿಯನ್ನೂ ಹಿಡಿಯಿತು. ನಾಗಮಂಗಲದ ಹಳೆಯದು ಅಂಥ ಜಾಣತನವೇನೂ ಇಲ್ಲದ್ದು. ನಡುವೆ ಒಂದು ಚುಕ್ಕೆ, ಆ ಚುಕ್ಕೆಯನ್ನು ನಾನೇ ಒಯ್ದು ಕಣ್ಣಿನ ಮೇಲೆ ಇಡಬೇಕು. ಹೊಸದನ್ನೇ ತೆಗೆದುಕೊಳ್ಳುವುದೆಂದು ಅವತ್ತು ಮುಕ್ಕಾಲು ಪಾಲು ನಿಶ್ಚಯ ಮಾಡಿದ್ದೆ.

ಮಾರನೆಯ ದಿನ ಸ್ಟುಡಿಯೋದಲ್ಲಿ ಒಬ್ಬನೇ ಇದ್ದಾಗ, ಬೆಳಕು ನೋಡಲೆಂದು ಹಿಂದಿನ ನೀಲಿ ಪರದೆಯತ್ತ ಕ್ಯಾಮೆರಾ ಹಿಡಿದೆ. ಅಲ್ಲಿ ಬರೀ ಸ್ಟೂಲಿತ್ತು. ಸ್ಟೂಲಿನ ಮೇಲೆ, ಒಬ್ಬ ಮನುಷ್ಯ ಕೂತರೆ ಮುಖ ಬರುವಷ್ಟು ಎತ್ತರದಲ್ಲಿ, ಹಸಿರು ಚೌಕ ಮೂಡಿತು. ನಾನು ಮೂರು ಎಣಿಸುವಷ್ಟು ಹೊತ್ತು ಇದ್ದು ಹೋಯಿತು. ಗೆಳೆಯನಿಗೆ ಫೋನ್ ಮಾಡಿದೆ. ನಕ್ಕುಬಿಟ್ಟ.

“ಬಟ್ಟೆ ಮಡಿಕೆ ಕಣ್ಲಾ ಅದು. ಮುಖ ಅಂತ ತಿಳ್ಕಂಬುಡ್ತದೆ. ಅದ್ಕೂ ಎದುರ್ಕಂಡ್ರೆ ನೀನು ಸಾವಿನ ಮನೇಲಿ ಅದೆಂಗ್ಲಾ ಕೆಲ್ಸ ಮಾಡ್ತೀಯ?”

ಮಡಿಕೆಯೇ ಇರಬೇಕು. ಪರದೆಯನ್ನು ಎಳೆದು ಸರಿಪಡಿಸಿ ಮತ್ತೆ ನೋಡಿದೆ. ಏನೂ ಇರಲಿಲ್ಲ. ಆದರೂ ಅವತ್ತು ಆ ಸ್ಟೂಲನ್ನು ತೆಗೆದು ಹೊರಗಿಟ್ಟೆ.

ಮೂರನೆಯ ದಿನ ಬೆಳಿಗ್ಗೆ ಕ್ಯಾತನಹಳ್ಳಿಯಿಂದ ಕರೆ ಬಂತು. ಅರವತ್ತು ದಾಟಿದ ಯಜಮಾನರು, ಕಬ್ಬಿನ ಗದ್ದೆಗೆ ನೀರು ಕಟ್ಟುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ಎರಡೂ ಕ್ಯಾಮೆರಾ ಬ್ಯಾಗಿಗೆ ಹಾಕಿಕೊಂಡು ಹೊರಟೆ. ಹತ್ತು ಗಂಟೆಯ ಬಿಸಿಲು, ಅಂಗಳದ ತುಂಬ ಜನ. ನಡುಮನೆಯಲ್ಲಿ ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಅವರನ್ನು ಕೂರಿಸಿದ್ದರು. ಗದ್ದಕ್ಕೆ ಕಟ್ಟಿದ್ದ ಬಟ್ಟೆಯನ್ನು ನನಗಾಗಿ ಬಿಚ್ಚಿದರು. ಅವರ ತಲೆಯ ಮೇಲ್ಗಡೆ ಗೋಡೆಯಲ್ಲಿ ಅವರಪ್ಪನ ಫ್ರೇಮು ಹಾಕಿದ ಫೋಟೋ ಇತ್ತು.

ಹೊಸ ಕ್ಯಾಮೆರಾ ಎತ್ತಿದೆ. ಹಸಿರು ಚೌಕ ಕುರ್ಚಿಯ ಮೇಲಿನ ಮುಖಕ್ಕೆ ಬರಲಿಲ್ಲ. ಅಳುತ್ತ ನಿಂತಿದ್ದವರ ಮೇಲೂ ಕೂರಲಿಲ್ಲ. ನೆಟ್ಟಗೆ ಮೇಲಕ್ಕೆ ಹೋಗಿ ಗೋಡೆಯ ಫ್ರೇಮಿನಲ್ಲಿದ್ದ ಕಣ್ಣಿನ ಮೇಲೆ ಕೂತಿತು. ಕ್ಯಾಮೆರಾವನ್ನು ತುಸು ಕೆಳಗಿಳಿಸಿದೆ, ಚೌಕ ಒಂದು ಗಳಿಗೆ ಮಾಯವಾಗಿ ಮತ್ತೆ ಅಲ್ಲಿಗೇ ಹಾರಿತು. ಎಡಕ್ಕೆ ಸರಿದೆ, ಅಲ್ಲಿಗೇ. ಮೂರು ನಾಲ್ಕು ಫೋಟೋ ತೆಗೆದೆ, ಎಲ್ಲದರಲ್ಲೂ ಫ್ರೇಮಿನ ಮುದುಕ ಸ್ಪಷ್ಟ, ಕುರ್ಚಿಯಲ್ಲಿದ್ದವರು ಮಂಜು ಮಂಜು. ಕಣ್ಣು ಮುಚ್ಚಿದ ಹೆಂಡತಿಯ ಮುಖ ಹಿಡಿದಿದ್ದ ಯಂತ್ರಕ್ಕೆ ಈ ಮುಖ ಯಾಕೆ ಕಾಣುತ್ತಿಲ್ಲ ಎಂದು ಬೇಸರವಾಯಿತು.

ಆಗ ಫ್ರೇಮಿನ ಮೂಲೆಯಲ್ಲಿ ನನ್ನ ಸ್ಟುಡಿಯೋದ ಮುದ್ರೆ ಕಂಡಿತು. ಒಮ್ಮೆಗೇ ಎಲ್ಲ ನೆನಪಾಯಿತು. ಹನ್ನೆರಡು ವರ್ಷದ ಹಿಂದೆ ಇದೇ ನಡುಮನೆಗೆ ಬಂದಿದ್ದೆ. ಇದೇ ಗೋಡೆಗೆ ಆ ಮುದುಕರನ್ನು ಕೂರಿಸಿದ್ದರು. ಅವರ ಒಬ್ಬನೇ ಮಗನನ್ನು ಬಾಗಿಲ ಬೆಳಕಿಗೆ ಕರೆದು, ರೆಪ್ಪೆ ಬಡಿಯದೆ ಇಲ್ಲಿ ನೋಡಿ ಎಂದಿದ್ದೆ. ಅತ್ತು ಕೆಂಪಾಗಿದ್ದ ಕಣ್ಣು ಒರೆಸಿಕೊಂಡು ಅವರು ನನ್ನನ್ನೇ ನೋಡಿದ್ದರು. ಈಗ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದವರು ಅವರೇ. ಹಸಿರು ಚೌಕ ಹುಡುಕಿಕೊಂಡು ಹೋಗಿದ್ದುದು ಅವರ ಕಣ್ಣನ್ನೇ.

ಹೊಸದನ್ನು ಬ್ಯಾಗಿಗೆ ತುರುಕಿ ಹಳೆಯದನ್ನು ತೆಗೆದೆ. ಚುಕ್ಕೆಯನ್ನು ಮುಚ್ಚಿದ ರೆಪ್ಪೆಗಳ ಮೇಲೆ ಇಟ್ಟು ಬಟನ್ ಒತ್ತಿದೆ. ಅದು ಹೇಳಿದಲ್ಲಿ ನೋಡಿತು. ಮೇಲಿನ ಗೋಡೆಯತ್ತ ನಾನು ಮತ್ತೆ ತಲೆ ಎತ್ತದೆ ಹೊರಗೆ ಬಂದೆ.

ಸಮಾಧಿಗೆ ಹಾಲು ತುಪ್ಪ ಬಿಟ್ಟ ದಿನ ಅವರ ಹಳೆಯ ಫೋಟೋ ಏನಾದರೂ ಇದೆಯೇ ಎಂದು ಕೇಳಲು ಮತ್ತೆ ಹೋದೆ. ಅವರ ಹೆಂಡತಿ ಆಧಾರ್ ಕಾರ್ಡು ತಂದುಕೊಟ್ಟರು. ಅದರಲ್ಲಿ ಮನುಷ್ಯನ ಮುಖ ಇತ್ತು ಎನ್ನಬಹುದು, ಅಷ್ಟೇ. ಬದುಕಿದ್ದಾಗ ಕ್ಯಾಮೆರಾ ಕಂಡರೆ ಎದ್ದು ಹೋಗುವ ಸ್ವಭಾವವಂತೆ ಅವರದು. ಒಬ್ಬಳೇ ಮಗಳು, ಅವಳಿಗೆ ಬಂದಿರುವುದು ತಾಯಿಯ ಕಣ್ಣು. ಆ ತಾಯಿ ತಮಗೆ ಬೇರೇನೂ ಬೇಡ, ಯಜಮಾನರು ನೋಡುತ್ತಿದ್ದ ಹಾಗೆ ನೋಡುವ ಒಂದು ಫೋಟೋ ಬೇಕು ಎಂದರು.

“ಅವ್ರ ಕಣ್ಣೇ ಇರ್ಬೇಕು ಕಣ್ರೀ ಆಚಾರ್ರೆ. ಬ್ಯಾರೆಯವ್ರ ಕಣ್ಣು ಮಡಗ್ಬೇಡಿ. ನಮ್ಮತ್ತೆ ಸಾಯೋಗಂಟ ಮಾವನ ಪೋಟೋಗೆ ಬೆನ್ನಾಕೇ ಕುಂತ್ಕತ್ತಿದ್ರು. ‘ಗಂಡ ನೋಡ್ದಂಗಿಲ್ಲ, ಮಗ ನೋಡ್ದಂಗೈತೆ’ ಅನ್ನೋರು.”

ಮೂವತ್ತು ವರ್ಷದ ಕಸುಬಿನಲ್ಲಿ ನನ್ನ ಗುಟ್ಟು ಕಂಡುಹಿಡಿದವರು ಆ ಮುದುಕಿ ಒಬ್ಬರೇ, ಅವರೂ ಈಗಿಲ್ಲ. ಸುಮ್ಮನೆ ಇರಬಹುದಿತ್ತು. ಇರಲಾಗಲಿಲ್ಲ. ಹನ್ನೆರಡು ವರ್ಷದ ಹಿಂದೆ ತೆಗೆದದ್ದೆಲ್ಲ ಕೆಟ್ಟುಹೋದ ಕಂಪ್ಯೂಟರಿನ ಜೊತೆ ಹೋಗಿದೆ, ನಿಮ್ಮ ಯಜಮಾನರ ತೆರೆದ ಕಣ್ಣು ಈ ಲೋಕದಲ್ಲಿ ಉಳಿದಿರುವುದು ಒಂದೇ ಕಡೆ ಎಂದು ಹೇಳಿ, ಗೋಡೆ ತೋರಿಸಿದೆ. ಬೈಯುತ್ತಾರೆ ಎಂದುಕೊಂಡೆ. ಆಕೆ ಎದ್ದು ಹೋಗಿ ಫ್ರೇಮಿನ ಮುಂದೆ ನಿಂತರು. ಅದೇ ಫೋಟೋ ಮುಂದೆ ಅಷ್ಟು ವರ್ಷ ಸೆರಗು ಹೊದ್ದು ದೀಪ ಹಚ್ಚಿದವರು.

“ಅಂಗಾರೆ ನಮ್ಮಾವನ ಕಣ್ಣು ಯಾವ್ವು?” ಎಂದರು.

ಅವರದು ಬೇರೆ ಫೋಟೋ ಇರಲಿಲ್ಲ, ನೋಡಿ ನೆನಪಿಟ್ಟುಕೊಂಡಿದ್ದವರೂ ಒಬ್ಬೊಬ್ಬರಾಗಿ ಹೋಗಿದ್ದರು. ಆ ಮುದುಕರ ಕಣ್ಣನ್ನು ನಾನು ಅಳಿಸಿಹಾಕಿದ್ದೆ.

“ಇವ್ರುದ್ನ ಇವ್ರಿಗೆ ಕೊಟ್ಬುಡಿ,” ಎಂದರು ಆಕೆ ತಿರುಗದೆ. “ಮಾವುಂದು ಮುಚ್ಬುಡಿ. ಅನ್ನೆರಡು ವರ್ಸ ಎಚ್ಚರ ಇದ್ದಿದ್ದು ಸಾಕು.”

ತೆರೆಸುವುದು ಗೊತ್ತಿತ್ತು. ಮುಚ್ಚುವುದನ್ನು ನಾನು ಯಾವತ್ತೂ ಮಾಡಿರಲಿಲ್ಲ. ಕೂತು ನೋಡಿದರೆ, ಹೊಸ ಕ್ಯಾಮೆರಾ ಹಟ ಹಿಡಿದು ತೆಗೆದಿದ್ದ ಆ ಮೂರು ನಾಲ್ಕು ಫೋಟೋಗಳಲ್ಲಿ ಫ್ರೇಮಿನ ಕಣ್ಣುಗಳು ಗಾಜಿನ ಹಿಂದಿನಿಂದಲೂ ಸೂಜಿ ಮೊನೆಯಷ್ಟು ಚೂಪಾಗಿ ಬಂದಿದ್ದವು. ಅವನ್ನು ತೆಗೆದು, ಅಂದು ನಾನೇ ಸೇರಿಸಿದ್ದ ಸುಕ್ಕುಗಳನ್ನು ಅಳಿಸಿ, ಅವರದೇ ಮುಖದಲ್ಲಿ ಕೂರಿಸಿದೆ. ಅಳತೆ ಹೊಂದಿಸಬೇಕಾಗಲೇ ಇಲ್ಲ. ಮನೆಗೆ ಬಂದ ಹಾಗೆ ಬಂದು ಕೂತವು. ಆಮೇಲೆ ಅದೇ ಫೋಟೋಗಳಲ್ಲಿದ್ದ ಮುದುಕರ ಸರದಿ. ಕಣ್ಣು ತೆಗೆದ ಜಾಗಕ್ಕೆ ರೆಪ್ಪೆ ಎಲ್ಲಿಂದ ತರುವುದು? ಕಂಡವರ ರೆಪ್ಪೆ ಹೊಂದುವುದಿಲ್ಲ. ಹಳೆಯ ಕ್ಯಾಮೆರಾದ ಫೋಟೋದಲ್ಲಿ, ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿ, ಒಂದು ಜೊತೆ ಮುಚ್ಚಿದ ರೆಪ್ಪೆ ಇತ್ತು. ನನ್ನ ಹತ್ತಿರ ಇದ್ದದ್ದು ಅದೊಂದೇ.

ಎಂಟನೆಯ ದಿನ ಕ್ಯಾಮೆರಾ ವಾಪಸು ಕೊಡಬೇಕಿತ್ತು. ಹೊಸದನ್ನು ಹಿಡಿದುಕೊಂಡು ಶ್ರೀರಂಗಪಟ್ಟಣದ ಬಸ್ಸಿನಲ್ಲಿ ಕೂತಾಗ, ನಾನು ತೆರೆಸಿದ ಕಣ್ಣುಗಳು ಈ ನಾಲ್ಕು ತಾಲ್ಲೂಕಿನ ಎಷ್ಟು ಗೋಡೆಗಳ ಮೇಲಿವೆ ಎಂದು ಯೋಚಿಸಿದೆ. ಕಣ್ಣು ಕೊಟ್ಟವರು ಬಹಳಷ್ಟು ಮಂದಿ ಇನ್ನೂ ಬದುಕಿದ್ದಾರೆ. ಸಂತೆಯಲ್ಲಿ ಸಿಕ್ಕಿ ಚೆನ್ನಾಗಿದ್ದೀರಾ ಎಂದು ಕೇಳುತ್ತಾರೆ. ಒಬ್ಬೊಬ್ಬರೂ ಒಂದು ದಿನ ಅದೇ ಗೋಡೆಯ ಕೆಳಗೆ ಕುರ್ಚಿಯಲ್ಲಿ ಕೂರುತ್ತಾರೆ, ನನಗೇ ಕರೆ ಬರುತ್ತದೆ. ಆಗ ಕೈಯಲ್ಲಿ ಈ ಹಸಿರು ಚೌಕ ಇರುವುದು ಬೇಡ. ನನಗೆ ಭಯವಾಗಿತ್ತು, ಅದನ್ನು ಬೇರೆ ಮಾತಿನಲ್ಲಿ ಹೇಳಲಾರೆ. ಗೆಳೆಯ ಏನು ಕೊರತೆ ಕಂಡಿತು ಎಂದು ಕೇಳಿದ. ಏನೂ ಇಲ್ಲ ಎಂದೆ. ನಾಗಮಂಗಲದವರಿಗೆ ಅಲ್ಲಿಂದಲೇ ಫೋನ್ ಮಾಡಿ, ಹಳೆಯದನ್ನು ಇಟ್ಟುಕೊಳ್ಳುತ್ತೇನೆ ಎಂದೆ. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಕೆ.ಆರ್. ಪೇಟೆಯ ಮದುವೆಯೊಂದು ಅವಳು ಹೇಳಿದಂತೆಯೇ ಕೈತಪ್ಪಿತು.

ಹನ್ನೊಂದನೇ ದಿನದ ತಿಥಿಗೆ ಎರಡು ಫ್ರೇಮು ಹೊತ್ತುಕೊಂಡು ಕ್ಯಾತನಹಳ್ಳಿಗೆ ಹೋದೆ. ಗಂಡನ ಫೋಟೋ ನೋಡಿ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೂಂ, ಅವರೇ ಎಂಬಂತೆ ತಲೆಯಾಡಿಸಿದರು. ನನ್ನ ಎದೆ ಹಗುರವಾಯಿತು. ಆಮೇಲೆ ಮಾವನ ಫ್ರೇಮನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು.

“ಈಗ ಮಲಗವ್ರೆ ನೋಡಿ ನಮ್ಮಾವ,” ಎಂದು ಗಾಜಿನ ಮೇಲೆ, ಮುಚ್ಚಿದ ಆ ರೆಪ್ಪೆಗಳ ಮೇಲೆ, ಮೆಲ್ಲಗೆ ಬೆರಳಾಡಿಸಿದರು.

ಅವು ನಿಮ್ಮ ಯಜಮಾನರ ರೆಪ್ಪೆಗಳು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಎಲೆ ಹಾಕಿದ್ದಾರೆ ಬನ್ನಿ ಎಂದು ಕರೆದರು. ಎದ್ದು ಹೋಗಿ ಊಟಕ್ಕೆ ಕೂತೆ.