ಅಕ್ಸಾಳ ಹೆಡ್‌ಫೋನಿನೊಳಗೆ ಸ್ಪ್ಯಾನರ್ ಸದ್ದು

ಮೂವತ್ತೊಂದು ವರ್ಷ ಮಳವಳ್ಳಿಯ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು ನಾನು, ಗೋದಮ್ಮ. ದೆವ್ವ, ಭೂತ ಅಂದವರ ಬಾಯಿ ಮುಚ್ಚಿಸಿ ಅಭ್ಯಾಸವೇ ಹೊರತು ಅಂಥ ಮಾತಿಗೆ ಕಿವಿಗೊಟ್ಟು ಗೊತ್ತಿಲ್ಲ. ಹಾಗಾಗಿ ಮದ್ದೂರಿನ ಬಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಅಕ್ಸಾ ಪಕ್ಕದಲ್ಲಿ ಕೂತು, “ಮಿಸ್, ನನ್ನ ಕೆಲಸ ನಾನು ಮಾಡ್ತಾ ಇಲ್ಲ. ಅಬ್ಬಾ ಮಾಡ್ಕೊಡ್ತಾವ್ರೆ” ಎಂದಾಗ ನನಗೆ ಬಂದದ್ದು ಸಿಟ್ಟು. ಅವಳ ಅಪ್ಪ ಅಫ್ಸರ್ ಪಾಷಾ ತೀರಿಕೊಂಡು ಎರಡು ವರ್ಷವಾಗಿತ್ತು.

ಪಾಷಾ ಸಾಮಾನ್ಯ ಮೆಕ್ಯಾನಿಕ್ ಅಲ್ಲ. ಒಂದು ಕಾಲದಲ್ಲಿ ಹಲಗೂರಿನವರೆಗೂ ಹೊಲದ ಪಂಪ್‌ಸೆಟ್ ಕೆಟ್ಟರೆ ಅವನಿಗೇ ಬುಲಾವ್. ಮೋಟರನ್ನು ಬಿಚ್ಚದೆಯೇ, ಸದ್ದಿನಲ್ಲೇ ರೋಗ ಹೇಳುತ್ತಾನೆ ಎಂದು ಊರೆಲ್ಲ ಹೆಸರು. ಮಗಳು ಬಿಸಿಎ ಓದಿ ಮದ್ದೂರಿನ ಒಂದು ಸಣ್ಣ ಕಂಪನಿಗೆ ಸೇರಿ ಎರಡು ತಿಂಗಳಾಗಿತ್ತು. ಮೋಟರಿನ ಸದ್ದನ್ನು ಫೋನಿನಲ್ಲಿ ಹಿಡಿದು, ಅದು ಕೆಡುವ ಮೊದಲೇ ರೈತನಿಗೆ ತಿಳಿಸುವ ಆ್ಯಪ್ ಮಾಡುವ ಕಂಪನಿ ಅದು. ಆ ಆ್ಯಪ್‌ಗೂ ಯಾರಾದರೂ ಪಾಠ ಹೇಳಬೇಕಲ್ಲ! ದಿನವಿಡೀ ಹೆಡ್‌ಫೋನು ಹಾಕಿಕೊಂಡು ರೆಕಾರ್ಡಿಂಗ್ ಕೇಳುವುದು, ಒಂದೊಂದಕ್ಕೂ ‘ಸರಿ ಇದೆ’ ಅಥವಾ ‘ಕೆಟ್ಟಿದೆ’ ಎಂದು ಗುರುತು ಹಾಕುವುದು, ಇದೇ ಅಕ್ಸಾಳ ಕೆಲಸ.

“ಮಿಕ್ಕೋರೆಲ್ಲ ಬಿಇ ಓದಿರೋರು ಮಿಸ್. ಸ್ಕ್ರೀನ್ ಮೇಲೆ ಸದ್ದಿನ ಗೆರೆ ನೋಡಿ ಏನೇನೋ ಮಾತಾಡ್ತಾರೆ. ನಂಗೆ ತಲೆ ಬುಡ ತಿಳಿಯಲ್ಲ. ಸುಮ್ನೆ ತಲೆ ಆಡಿಸ್ತೀನಿ. ಬೇರೆ ಯಾರಿಗೋ ಕೊಡಬೇಕಾಗಿದ್ದ ಕೆಲಸ ತಪ್ಪಿ ನಂಗೆ ಕೊಟ್ಟವ್ರೆ ಅನ್ಸುತ್ತೆ.” ಮೊದಲ ವಾರವೆಲ್ಲ ಊಟದ ಡಬ್ಬಿಯನ್ನು ಮೆಟ್ಟಿಲ ಮೇಲೆ ಒಬ್ಬಳೇ ಕೂತು ಖಾಲಿ ಮಾಡಿದಳಂತೆ. ಇವತ್ತು ಸಿಕ್ಕಿಬೀಳುತ್ತೇನೆ, ನಾಳೆ ಸಿಕ್ಕಿಬೀಳುತ್ತೇನೆ ಎಂಬ ಪುಕಪುಕ.

ಒಂಬತ್ತನೆಯ ದಿನ ಬಸರಾಳಿನ ಒಂದು ರೆಕಾರ್ಡಿಂಗ್ ಬಂತು. ಗೆರೆ ನೋಡಿದವರು ಸರಿ ಇದೆ ಎಂದಿದ್ದರು. ಅಕ್ಸಾ ಕಣ್ಣು ಮುಚ್ಚಿ ಕೇಳಿದಳು. ಮೋಟರಿನ ಮೊರೆತದ ಅಡಿಯಲ್ಲಿ, ಕಬ್ಬಿಣಕ್ಕೆ ಸ್ಪ್ಯಾನರ್ ತಾಗಿದ ಸದ್ದು. ಟಕ್. ಟಕ್ ಟಕ್. ಅದು ಅವಳಿಗೆ ಗೊತ್ತಿದ್ದ ಸದ್ದು. ತೀರಾ ಸಣ್ಣವಳಿದ್ದಾಗ ಅಬ್ಬಾನ ಪಕ್ಕದಲ್ಲಿ ಕೂತು ಕೇಳಿದ್ದು. ‘ಕೆಟ್ಟಿದೆ’ ಎಂದು ಒತ್ತಿದಳು. ಮೋಟರು ಬಿಚ್ಚಿ ನೋಡಿದರೆ ಬೇರಿಂಗು ಪುಡಿಯಾಗಿತ್ತು.

ಅಲ್ಲಿಂದ ನಲವತ್ತೊಂದು ಸಲ ಹಾಗೆಯೇ ಆಯಿತು. ಬಡಿದ ಸದ್ದು ಬಂದರೆ ಮೋಟರು ಕೆಟ್ಟಿರುತ್ತದೆ, ಒಂದೂ ತಪ್ಪಿಲ್ಲ. ಪಕ್ಕದ ಮೇಜಿನ ಚಂದನ ಅದೇ ಹೆಡ್‌ಫೋನು ಹಾಕಿಕೊಂಡು ಕೇಳಿದರೆ ಬರೀ ಮೋಟರು. ಗೆರೆಯಲ್ಲೂ ಏನೂ ಇಲ್ಲ. ಮೇಲಿನವರಾದ ಯೋಗಾನರಸಿಂಹ ಎಲ್ಲರ ಮುಂದೆ ಹೊಗಳಿದ್ದೇ ಹೊಗಳಿದ್ದು. ಸೋಮವಾರ ಕೆಲಸ ಕಾಯಂ ಮಾಡಿ, ಉಳಿದವರಿಗೆ ಕಲಿಸುವುದಕ್ಕೂ ಇವಳನ್ನೇ ನಿಲ್ಲಿಸುತ್ತಾರಂತೆ. ಇವಳು ರಾಜೀನಾಮೆ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಳು.

“ಕೇಳೋರು ಅಬ್ಬಾ, ಹೆಸರು ತಗೊಳ್ಳೋಳು ನಾನು. ಮೋಸ ಅಲ್ವಾ ಮಿಸ್?”

“ನಿದ್ದೆಗೆಟ್ಟಿದ್ದೀಯ, ಅಷ್ಟೇ” ಎಂದು ಗದರಿದೆ. ಅವಳು ಫೋನಿನಲ್ಲಿದ್ದ ಒಂದು ರೆಕಾರ್ಡಿಂಗ್ ಹಾಕಿ ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ ಕೊಟ್ಟಳು, ಇನ್ನೊಂದನ್ನು ತಾನಿಟ್ಟುಕೊಂಡಳು. ನನಗೆ ಕೇಳಿಸಿದ್ದು ಮೋಟರು ಮಾತ್ರ. “ಈಗ” ಎಂದು ಪಿಸುಗುಟ್ಟಿದಳು. ಅವಳ ಮುಂಗೈ ಮೇಲಿನ ಕೂದಲು ನೆಟ್ಟಗಾದದ್ದನ್ನು ಕಣ್ಣಾರೆ ಕಂಡೆ. ಕಿಟಕಿಯಿಂದ ಹನ್ನೊಂದು ಗಂಟೆಯ ಬಿಸಿಲು ಬೀಳುತ್ತಿತ್ತು. ಅವಳ ಕೈ ಮುಟ್ಟಿದರೆ ಮಂಜುಗಡ್ಡೆ.

ಭಾನುವಾರ ಅವರ ಮನೆಗೆ ಹೋದೆ. ತಾಯಿ ಕುಲ್ಸುಮ್‌ಗೆ ಹೇಳಿ ಹುಡುಗಿಯನ್ನು ಡಾಕ್ಟರಿಗೆ ತೋರಿಸೋಣ ಎಂದು. ಆಕೆ ಟೀ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಮಗಳ ಕಡೆ ತಿರುಗಿ, ನನಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು.

“ನಿಮ್ಮಬ್ಬಾಗೆ ಕಿವಿ ಕೇಳ್ತಿರ್ಲಿಲ್ಲ ಕಣಮ್ಮ. ಎದುರಿಗೆ ನಿಂತು ಮಾತಾಡುದ್ರೆ ತುಟಿ ನೋಡ್ಕಂಡು ತಿಳ್ಕಳೋರು. ಬೇರಿಂಗಿನ ಸದ್ದು ಎಲ್ಲಿ ಕೇಳಬೇಕು? ಊರೋರಿಗೆ ಗೊತ್ತಾದ್ರೆ ಹೊಟ್ಟೆಪಾಡು ಓಯ್ತದೆ ಅಂತ ಯಾರ್ಗೂ, ನಿಂಗೂ ಏಳ್ಲಿಲ್ಲ. ನಾಕು ವರ್ಸದ ನಿನ್ನ ಗಾಡಿ ಮುಂದೆ ಕೂರಿಸ್ಕಂಡು ವೊಲಕ್ಕೆ ಓಗೋರು. ಸ್ಕ್ರೂಡ್ರೈವರ್ ತುದೀನ ಮೋಟರಿಗೆ ಒತ್ತಿ ಇಡಿಕೇನ ನಿನ್ನ ಕಿವಿಗೆ ಕೊಡೋರು. ಗರಗರ ಅಂದ್ರೆ ನೀನು ಸ್ಪ್ಯಾನರಲ್ಲಿ ಮೂರು ಸಲ ಬಡೀಬೇಕು. ಅವರ ಕೈ ಮೋಟರ್ ಮೇಲೇ ಇರ್ತಿತ್ತಲ್ಲ, ನೀನು ಬಡುದ್ರೆ ಕೈಗೆ ಗೊತ್ತಾಗೋದು. ನೀನು ಅದನ್ನ ಆಟ ಅಂದ್ಕಂಡಿದ್ದೆ.”

ಅಕ್ಸಾ ತಾಯಿಯ ಹತ್ತಿರಕ್ಕೆ ಸರಿದಳು.

“ಬಡೀತಿದ್ದೋಳು ನೀನು. ನೀನು ಇಸ್ಕೂಲಿಗೆ ಸೇರಿದ್ಮೇಲೆ ಅವರು ವೊಲದ ಕೆಲಸಾನೇ ಬುಟ್ಬುಟ್ರು. ಅಂಗಡೀಲಿ ಕುಂತು ಸುಟ್ಟ ಮೋಟರಿಗೆ ವೈಂಡಿಂಗ್ ಕಟ್ಟುದ್ರು. ‘ಕೇಳೋಳು ಮಗಳು, ಹೆಸರು ತಗೊಳ್ಳೋನು ನಾನು, ಮೋಸಗಾರ ಕಣೆ ಕುಲ್ಸುಮ್’ ಅಂತ ಸಾಯೋತಂಕ ಅಂದ್ರು.”

ಅಕ್ಸಾ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಬೇರೆಯವರ ಕೈ ಎಂಬಂತೆ.

ನಾನು ಟೀ ಲೋಟ ಕೆಳಗಿಟ್ಟೆ. ಎಂಟನೇ ಕ್ಲಾಸಿನಲ್ಲಿ ಈ ಹುಡುಗಿ, ನಾನು ಬೋರ್ಡಿನ ಮೇಲೆ ಲೆಕ್ಕ ತಪ್ಪಿದಾಗಲೆಲ್ಲ, ಕಂಪಾಸಿನಿಂದ ಬೆಂಚು ಬಡಿಯುತ್ತಿದ್ದಳು. ಟಕ್. ಟಕ್ ಟಕ್. ಯಾಕೆ ಬಡೀತೀಯ ಎಂದರೆ ಅವಳಿಗೇ ಗೊತ್ತಿರಲಿಲ್ಲ. ಒಂದು ದಿನ ಮರದ ಸ್ಕೇಲಿನಿಂದ ಗೆಣ್ಣಿನ ಮೇಲೆ ಹೊಡೆದು, “ಮೆಕ್ಯಾನಿಕ್ ಬುದ್ಧೀನ ಅಂಗಡೀಲೇ ಇಟ್ಟು ಬಾ” ಎಂದಿದ್ದೆ. ಅವತ್ತಿನಿಂದ ಆ ಕೈ ಸುಮ್ಮನಾಗಿತ್ತು. ತಪ್ಪು ನನ್ನದು ಎಂದು ಅಲ್ಲೇ ಇಬ್ಬರ ಮುಂದೆಯೂ ಒಪ್ಪಿಕೊಂಡೆ. ಅಕ್ಸಾ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಸೋಮವಾರ ನಡೆದದ್ದನ್ನು ಅವಳೇ ಫೋನಿನಲ್ಲಿ ಹೇಳಿದಳು. ಯೋಗಾನರಸಿಂಹ ಎಲ್ಲರನ್ನೂ ಸುತ್ತ ನಿಲ್ಲಿಸಿ ಹೊಸ ರೆಕಾರ್ಡಿಂಗ್ ಹಾಕಿದರು. ಕಾದಳು, ಕಾದಳು. ಹೆಡ್‌ಫೋನಿನಲ್ಲಿ ಯಾರೂ ಬಡಿಯಲಿಲ್ಲ. ಬರೀ ಮೋಟರು, ಮತ್ತೆ ಎಲ್ಲೋ ಸಣ್ಣಗೆ ಗರಗರ. ಅವಳ ಬಲಗೈ ಎದ್ದು ಮೇಜಿನ ಮೇಲೆ ಮೂರು ಸಲ ಬಡಿಯಿತು.

“ಏನೇ ಅದು ಸದ್ದು?” ಎಂದಳು ಚಂದನ. ಈ ಸಲ ಎಲ್ಲರಿಗೂ ಕೇಳಿಸಿತ್ತು.

“ಬೇರಿಂಗ್ ಹೋಗಿದೆ” ಎಂದಳು ಅಕ್ಸಾ. ಹೋಗಿತ್ತು. ರಾಜೀನಾಮೆಯನ್ನು ಬಸ್ಸಿನ ಕಿಟಕಿಯಲ್ಲಿ ಹರಿದು ಬಿಟ್ಟಳಂತೆ. ಆಮೇಲೆ ಅವಳ ಹೆಡ್‌ಫೋನಿನಲ್ಲಿ ಆ ಸದ್ದು ಬಂದೇ ಇಲ್ಲ.

ಈಗ ನನಗೆ ಬರುತ್ತಿದೆ. ಬೆಳಿಗ್ಗೆ ಟ್ಯಾಂಕಿಗೆ ನೀರು ಹತ್ತಿಸಲು ಮೋಟರು ಹಾಕಿದರೆ, ಮೊರೆತದ ಅಡಿಯಲ್ಲಿ, ಟಕ್. ಟಕ್ ಟಕ್. ಅದರ ಹಿಂದೆಯೇ ಮರದ ಸ್ಕೇಲು ಗೆಣ್ಣಿನ ಮೇಲೆ ಬೀಳುವ ಸದ್ದು. ಮೋಟರಿನಲ್ಲಿ ಏನೂ ಕೆಟ್ಟಿಲ್ಲ, ಅಕ್ಸಾಳೇ ಬಂದು ಕಿವಿಯಿಟ್ಟು ನೋಡಿ ಹೇಳಿ ಹೋಗಿದ್ದಾಳೆ.